ಒಂದು ಪುಟ್ಟಿಗೆ ಆರು ಪುಟ್ಟಿ

‘ದೊಡ್ಡವನಾದ ಮೇಲೆ ಏನಾಗ್ತೀಯಾ?’ ಎಂದು ನನ್ನ ಎರಡನೇ ತರಗತಿಯಲ್ಲಿ ಈಗ ಕೇಳುವುದಿಲ್ಲ. ಡಾಕ್ಟರ್, ಪೊಲೀಸ್, ಪೈಲಟ್ ಎಂಬ ಉತ್ತರ ಮೊದಲೇ ಗೊತ್ತು. ಪುಣೆ ಕ್ಯಾಂಪಿನಲ್ಲಿ ಅದಕ್ಕೆ ‘ಆರ್ಮಿ’ಯೂ ಸೇರುತ್ತದೆ; ದಕ್ಷಿಣ ಕಮಾಂಡಿನ ಮುಖ್ಯ ಕಚೇರಿ ಇರುವ ಊರಲ್ಲವೇ. ಏಳು ವರ್ಷದವರ ಕಣ್ಣಿಗೆ ಬೀಳುವುದು ಸಮವಸ್ತ್ರ. ವರ್ಷ ವರ್ಷ ಛದ್ಮವೇಷ ಸ್ಪರ್ಧೆ ನಡೆಸಿ ಆ ಚಾಳಿ ಹಿಡಿಸಿದವರೂ ನಾವೇ ಅನ್ನಿ.

2020ರ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರು ಹತ್ತು ದಿನ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲಿ ಎನ್ನುತ್ತದೆ. ಅಷ್ಟು ತಡವೇಕೆಂಬುದು ನನ್ನ ತಕರಾರು. ಆ ಹೊತ್ತಿಗೆ ಯಾವ ಕೆಲಸ ಮೇಲು, ಯಾವುದು ಕೀಳು ಎಂಬ ಪಾಠ ಮನೆಯಲ್ಲೇ ಮುಗಿದಿರುತ್ತದೆ.

ಹಾಗಾಗಿ ಅಂಗಡಿಗಳಲ್ಲಿ ಗಿರಾಕಿ ಕಡಿಮೆ ಇರುವ ಬೆಳಿಗ್ಗೆ, ಮೊದಲೇ ಹೇಳಿಟ್ಟು, ಮಕ್ಕಳನ್ನು ಸುತ್ತಾಡಿಸುತ್ತೇನೆ. ಯಾವ ಸಾಮಾನು ಬೇಕು, ಯಾರು ಕಲಿಸಿದರು, ಬೇಜಾರು ಯಾವುದು ಎಂದು ಅವರು ಕೇಳಬೇಕು. ಕೊನೆಯದಕ್ಕೇ ಒಳ್ಳೆಯ ಉತ್ತರ ಸಿಗುವುದು. ಅಳತೆ ಕೊಟ್ಟು ಹೋದವರು ದಪ್ಪಗಾಗಿ ಬಂದು ಜಗಳ ತೆಗೆಯುತ್ತಾರೆ ಎಂದರು ದರ್ಜಿ. 2021ರ ಮಾರ್ಚ್‌ನಲ್ಲಿ ಇಲ್ಲಿನ ಶಿವಾಜಿ ಮಾರ್ಕೆಟ್ಟಿಗೂ ಫ್ಯಾಷನ್ ಸ್ಟ್ರೀಟಿಗೂ ಬೆಂಕಿ ಬಿದ್ದ ಕಥೆ ಮನೆಮನೆಯಲ್ಲಿದೆ. ಅಗ್ನಿಶಾಮಕ ದಳದವರೊಬ್ಬರನ್ನು ಬೆಂಕಿ ಇಲ್ಲದಾಗ ಏನು ಮಾಡುತ್ತೀರೆಂದು ಕೇಳಿದರೆ, ಪೈಪು ತೊಳೆದು ಒಣಹಾಕುವುದು ಎಂದರು. ಹುಡುಗರ ಮುಖ ಸಪ್ಪಗಾಯಿತು. ಆಗಲಿ ಬಿಡಿ, ಕೆಲಸದಲ್ಲಿ ಅದೂ ಇದೆ. 1955ರಿಂದ ಇರುವ ಕಯಾನಿ ಬೇಕರಿ ಮಧ್ಯಾಹ್ನ ಬಾಗಿಲು ಹಾಕುವುದೇಕೆಂಬ ವಾದದಲ್ಲಿ ‘ನಸುಕಿನಲ್ಲಿ ಎದ್ದವರಿಗೆ ನಿದ್ದೆ ಬೇಡವಾ?’ ಎಂದ ಹುಡುಗಿ ಗೆದ್ದಳು.

ಇನ್ನೊಂದು ಎಚ್ಚರ. ‘ಅಪ್ಪ ಏನು ಮಾಡ್ತಾರೆ?’ ಎಂದು ಸಾಲಾಗಿ ನಿಲ್ಲಿಸಿ ಕೇಳಬಾರದು. ಕೆಲವರಿಗೆ ಅಪ್ಪ ಇಲ್ಲ, ಕೆಲವರ ಅಪ್ಪನಿಗೆ ಕೆಲಸವಿಲ್ಲ, ಕೆಲವರು ಹೇಳಲು ನಾಚುತ್ತಾರೆ. ‘ನಿಮ್ಮ ಮನೆಯಲ್ಲಿ ಯಾರಿಗೆ ಏನು ಮಾಡೋಕೆ ಬರುತ್ತೆ?’ ಎಂದರೆ ಕೈಗಳು ಏಳುತ್ತವೆ. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮನೆಯ ಹುಡುಗನೊಬ್ಬ ತರಗತಿಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಹೀಗೆ ಕೇಳಿದ ದಿನ ನನ್ನ ಬಳಿ ಬಂದು, “ಅಕ್ಕೋರ, ಒಂದು ಪುಟ್ಟಿ ಸಿಮೆಂಟಿಗೆ ಆರು ಪುಟ್ಟಿ ಉಸುಕು. ಗಿಲಾವಿಗಾದ್ರ ನಾಕ. ನಮ್ಮವ್ವಗ ಗೊತ್ತೈತಿ” ಅಂದ. ಅದನ್ನು ಹಿಂದಿಯಲ್ಲಿ ಎಲ್ಲರಿಗೂ ಹೇಳಿಸಿದೆ. ಒಂದಕ್ಕೆ ಆರಾದರೆ ಮೂರಕ್ಕೆಷ್ಟು ಎಂಬ ಲೆಕ್ಕಕ್ಕೆ ಆ ವಾರವಿಡೀ ಅವನದೇ ಉಸ್ತುವಾರಿ.

ಸಂಬಳದ ಪ್ರಶ್ನೆಯನ್ನೂ ತಡೆಯುವುದಿಲ್ಲ. ಮಾರ್ಕೆಟ್ಟಿನ ಮೀನಿನಾಕೆ ನಗುತ್ತಾ ದಿನದ ಲಾಭ, ನಷ್ಟ ಎರಡನ್ನೂ ಹೇಳಿದರು. ದರ್ಜಿ ಮಾತ್ರ, “ಮೊದಲು ನಿಮ್ಮ ಟೀಚರ್ ಸಂಬಳ ಕೇಳಿ” ಅಂದರು. ಮಕ್ಕಳು ಕೇಳಿದರು. ಹೇಳಿದೆ.