ಹಿತ್ತಲಿನ ಆಟಕ್ಕೆ ಬಿಚ್ಚಿಡುವ ಬೇಲಿ

ಖಾನಾಪುರ ತಾಲೂಕಿನ ಊರುಗಳಿಗೆ ಮಕ್ಕಳ ಸಂಘದ ಸಭೆಗೆಂದು ಹೋದಾಗಲೆಲ್ಲ ನಮಗೆ ಕೇಳಿಬರುವ ದೂರು ಒಂದೇ: ಆಡಲು ಜಾಗವಿಲ್ಲ. ಜಾಗ ಇಲ್ಲವೆಂದಲ್ಲ. ಸುಗ್ಗಿ ಮುಗಿದ ಮೇಲೆ ಭತ್ತದ ಗದ್ದೆ ಖಾಲಿ, ಹಿತ್ತಲೂ ಖಾಲಿ. ಆದರೆ ಚೆಂಡು ಪಕ್ಕದ ಮನೆಯ ಹಂಚಿಗೆ ಬಡಿಯುತ್ತದೆ, ಇಲ್ಲವೇ ರಸ್ತೆಗೆ ಹಾರುತ್ತದೆ. ಒಡೆದ ಹಂಚು ಬೇಸಿಗೆಯಲ್ಲಿ ಯಾರಿಗೂ ಕಾಣುವುದಿಲ್ಲ. ಜೂನಿನಲ್ಲಿ ಮಳೆ ಸುರಿದು ಅಕ್ಕಿ ಚೀಲ ತೊಯ್ದ ಮೇಲೆ ಜಗಳ. ರಸ್ತೆಗೆ ಹೋದ ಚೆಂಡಿನ ಹಿಂದೆ ಓಡುವ ಮಗುವಿನ ವಿಷಯ ನಿಮಗೆ ಹೇಳಬೇಕಾಗಿಲ್ಲ.

ಒಂದು ಊರಿನಲ್ಲಿ ನಾವು ಅವಸರ ಮಾಡಿ ಸಿಮೆಂಟ್ ಕಂಬಕ್ಕೆ ಕುಣಿ ತೋಡಿಸಿದೆವು. ಹಿತ್ತಲಿನ ಯಜಮಾನರು ಓಡಿ ಬಂದರು. "ಸಿಸ್ಟರ್, ಹುಡುಗ್ರು ಆಡೂದು ಬ್ಯಾಡ ಅನ್ನಂಗಿಲ್ರಿ. ಆದ್ರ ಇವತ್ತ ಕಂಬ ನಿಲ್ಲಸ್ತೀರಿ, ನಾಳೆ ಜಾಗಾ ಸಂಘದ್ದು ಅಂತೀರಿ. ನಾ ಬಣವಿ ಎಲ್ಲಿ ಒಟ್ಟಲಿ?" ಆಟವೂ ಮಕ್ಕಳ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ, ಭಾರತ ಅದನ್ನು 1992ರಲ್ಲಿ ಒಪ್ಪಿದೆ. ಆದರೆ ಬಣವಿಯ ಪ್ರಶ್ನೆಗೆ ಅದು ಉತ್ತರವಲ್ಲ. ಹಳ್ಳಿಯಲ್ಲಿ ಬೇಲಿ ಎಂದರೆ ಒಡೆತನ. ಇದು ನಮಗೆ ಮೊದಲೇ ಹೊಳೆಯಬೇಕಿತ್ತು. ಕುಣಿ ಮುಚ್ಚಿಸಿ ಅವರ ಕಟ್ಟೆಯ ಮೇಲೇ ಕೂತೆವು. ಬಿಚ್ಚಿ ಎತ್ತಿಡುವ ಬೇಲಿಯಾದರೆ ಆಗಬಹುದು ಎಂದರು.

ನಾಲ್ಕೂ ಕಡೆ ಬೇಲಿ ಬೇಕಿಲ್ಲ. ಹಂಚಿನ ಮನೆ, ರಸ್ತೆ ಇರುವ ಕಡೆ ಸಾಕು. (ಬಾವಿ ಹತ್ತಿರವಿದ್ದರೆ ಬಲೆಯನ್ನು ನಂಬಬೇಡಿ, ಬಾವಿಗೇ ಕಬ್ಬಿಣದ ಜಾಳಿಗೆ ಹಾಕಿಸಿ.) 40 ಅಡಿ ಉದ್ದಕ್ಕೆ 8 ಅಡಿಗೊಂದರಂತೆ 6 ಬಿದಿರಿನ ಗಳ, ತಲಾ 10 ಅಡಿ. ನೆಲದಲ್ಲಿ 2 ಅಡಿ ಆಳಕ್ಕೆ 3 ಇಂಚಿನ ಪಿವಿಸಿ ಪೈಪಿನ ತುಂಡು ಹೂಳಬೇಕು. ಅದರ ಕೆಳಬಾಯಿ ತೆರೆದೇ ಇರಲಿ, ಅಡಿಗೆ ಒಂದು ಬೊಗಸೆ ಜಲ್ಲಿ ಹಾಕಿದರೆ ನೀರು ಇಂಗುತ್ತದೆ. ಮೇಲ್ಬಾಯಿ ನೆಲಕ್ಕೆ ಸಮ. ಗಳವನ್ನು ಪೈಪಿನಲ್ಲಿಳಿಸಿ ಅಲುಗಾಡದಂತೆ ಕಟ್ಟಿಗೆಯ ಬೆಣೆ ಬಡಿಯಿರಿ. ಗಳ ತೆಗೆದ ಕೂಡಲೇ ಪೈಪಿಗೆ ಮುಚ್ಚಳ ಹಾಕಲೇಬೇಕು. ತೆರೆದ ಬಾಯಲ್ಲಿ ಮಗುವಿನ ಕಾಲು, ಕರುವಿನ ಕಾಲು ಸಿಕ್ಕೀತು.

ಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿಯಬೇಕು, ಎಳೆಯದು ಬೇಡ. ಹರಿಯುವ ನೀರಿನಲ್ಲಿ ಕೆಲವು ವಾರ ನೆನೆಸಿ ನೆರಳಲ್ಲಿ ಒಣಗಿಸಿದರೆ ಹುಳ ಕೊರೆಯುವುದು ಕಡಿಮೆ. ನೆಲಕ್ಕಿಳಿಯುವ ತುದಿಯನ್ನು ಗಿಣ್ಣಿನ ಕೆಳಗೇ ಕತ್ತರಿಸಿ. ಖಾಸಗಿ ಜಮೀನಿನ ಬಿದಿರನ್ನು ಅರಣ್ಯ ಕಾಯ್ದೆಯ 2017ರ ತಿದ್ದುಪಡಿ ಮರದ ವ್ಯಾಖ್ಯೆಯಿಂದ ಕೈಬಿಟ್ಟಿದೆ. ಕಾಡಿನೊಳಗಿನ ಬಿದಿರಿಗೆ ಇದು ಅನ್ವಯಿಸುವುದಿಲ್ಲ. ಹುಡುಗರನ್ನು ಕೊಡಲಿ ಕೊಟ್ಟು ಕಾಡಿಗೆ ಕಳಿಸಬೇಡಿ.

ಬಲೆ ದಪ್ಪ ನೈಲಾನ್ ದಾರದ್ದಿರಲಿ, ಕಣ್ಣು ಒಂದೂವರೆ ಇಂಚು. ಟೆನಿಸ್ ಚೆಂಡು ಅದರಲ್ಲಿ ನುಸುಳದು. ಮೀನಿನ ಹಳೆಯ ಬಲೆಯೂ ಆದೀತು, ಆದರೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನದರಲ್ಲಿ ಹಕ್ಕಿ ಸಿಕ್ಕಿ ಸಾಯುತ್ತವೆ. ತಾಡಪತ್ರಿ ಕಟ್ಟಿದರೆ ಗಾಳಿಗೆ ಗಳವೇ ಮುರಿಯುತ್ತದೆ. ಮುಳ್ಳುತಂತಿಯ ಮಾತೇ ಬೇಡ. ಮೇಲಿನ ಹಗ್ಗಕ್ಕೆ ಬಲೆಯನ್ನು ಪರದೆಯ ಹಾಗೆ ಪೋಣಿಸಿ ಸಡಿಲ ಬಿಡಿ. ಸಡಿಲ ಬಲೆ ಚೆಂಡಿನ ವೇಗ ತಿನ್ನುತ್ತದೆ, ಬಿಗಿದರೆ ಗಳಗಳು ಒಳಗೆ ವಾಲುತ್ತವೆ. ಎರಡು ತುದಿಯ ಗಳಗಳಿಗೆ ಹೊರಗಡೆ ಗೂಟ ಹೊಡೆದು ಹಗ್ಗ ಎಳೆದು ಕಟ್ಟಿ. ಆ ಹಗ್ಗಕ್ಕೆ ಕೆಂಪು ಬಟ್ಟೆ ಇರಲಿ, ಎಡವಬಾರದು. ಸಂಜೆ ಬಲೆ ಸುತ್ತಿಡಿ, ರಾತ್ರಿ ಹಾವು ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಮಾತು. ಬೇಲಿ ಆದ ಮೇಲೆ ಮೊದಲ ತಿಂಗಳು ಆಡಿದವರೆಲ್ಲ ಗಂಡುಹುಡುಗರೇ. ಹುಡುಗಿಯರು ನೀರು ತಂದು, ಕಸ ಹೊಡೆದು ಬರುವಷ್ಟರಲ್ಲಿ ಕತ್ತಲು. ತಾಯಂದಿರ ಸಭೆಯಲ್ಲಿ ಇದನ್ನು ಎತ್ತಿದಾಗ ಒಬ್ಬಾಕೆ, "ನೀರು ಅಂವಾನೂ ತರ್ಲಿ ಬಿಡ್ರಿ" ಎಂದರು. ಎಲ್ಲರೂ ನಕ್ಕರು, ಆದರೆ ವಾರದಲ್ಲಿ ಮೂರು ದಿನ ಹುಡುಗಿಯರಿಗೆಂದು ಅಲ್ಲೇ ಬರೆದಾಯಿತು.

ಮೇ ಕೊನೆಗೆ ಮಕ್ಕಳೇ ಗಳ ಕಿತ್ತು ಮಾಡಿನ ಕೆಳಗೆ, ನೆಲಕ್ಕೆ ತಾಗದಂತೆ ಕಟ್ಟಿಟ್ಟರು. ಯಜಮಾನರು ಆರೂ ಮುಚ್ಚಳಗಳನ್ನು ತಾವೇ ಎಣಿಸಿ ಹಾಕಿದರು.