ನೀರು ಸಾಕು

ನಮ್ಮ ಊರು ಕಂಪ್ಲಿಯ ಹತ್ತಿರ. ಪಕ್ಕದಲ್ಲೇ ತುಂಗಭದ್ರಾ ಹೊಳೆ. ಗದ್ದೆಗೆ ಕಾಲುವೆ ನೀರು ಇದೆ. ಮನೆಗೆ ಮಾತ್ರ ನಳದ ನೀರು ಎರಡು ದಿನಕ್ಕೊಮ್ಮೆ. ಅದೂ ಸಂಜೆ ಏಳರ ಮೇಲೆ.

ಅಪ್ಪ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಾನೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮನೆಯಲ್ಲಿ ಅವ್ವ ಮತ್ತು ನಾನು. ನಾನು ಒಂಬತ್ತನೇ ತರಗತಿ ಓದುವಾಗ ನಡೆದದ್ದು ಇದು.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ಓಣಿಯಲ್ಲಿ ಸಾಕ್ಷರತಾ ಕೇಂದ್ರ ಶುರುವಾಯಿತು. ಸಂಜೆ ಏಳಕ್ಕೆ ಪಾಠ. ನಮ್ಮ ಮನೆಯಿಂದ ಎರಡು ಮನೆ ಆಚೆ, ಒಂದು ಜಗಲಿಯ ಮೇಲೆ. ಅವ್ವ ಪಾಟಿ ಹಿಡಿದು ಹೋಗತೊಡಗಿದಳು. ಆದರೆ ನೀರು ಬರುವ ದಿನ ಪಾಠ ತಪ್ಪುತ್ತಿತ್ತು. ಪೈಪನ್ನು ಡ್ರಮ್ಮಿಗೆ ಹಾಕಿ ಕಾಯಬೇಕು. ಮರೆತರೆ ಅಂಗಳವೆಲ್ಲ ಕೆಸರು. ನೆರೆಯವರ ಬೈಗುಳ ಬೇರೆ.

"ನಾನು ಕಾಯ್ತೀನಿ, ನೀನು ಹೋಗವ್ವ" ಎಂದರೆ ಕೇಳಳು. "ನೀನು ಓದಿಕೋ. ನನ್ನ ಓದು ಎಲ್ಲಿಗೆ ಹೋಗ್ತೈತಿ?" ಎನ್ನುವಳು. ವಾರಕ್ಕೆ ಮೂರು ದಿನ ಹೀಗೇ ಹೋಗುತ್ತಿತ್ತು. "ಕ ಕಲಿತೆ. ಖ ಕಲಿಸೋ ದಿನ ನೀರು ಬಂತು. ಗ ಕಲಿತೆ. ಘ ಕಲಿಸೋ ದಿನ ಮತ್ತ ನೀರು ಬಂತು" ಎಂದು ಅವ್ವ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ನಿಮಗೆ ನೆನಪಿರಬಹುದು. ಹೊಸಪೇಟೆಯ ತುಂಗಭದ್ರಾ ಡ್ಯಾಮಿಗೆ 33 ಗೇಟುಗಳು. ಅಂದು 19ನೇ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿಹೋಯಿತು. ಭಾರ ಇಳಿಸಲು ಬೇರೆ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಹೊಳೆ ದಂಡೆಯ ನಮಗೆ ನಿದ್ದೆ ಇರಲಿಲ್ಲ. ಒಂದು ವಾರದ ಹೊತ್ತಿಗೆ ಉಕ್ಕಿನ ಅಡ್ಡ ಹಲಗೆಗಳನ್ನು ಇಳಿಸಿ ನೀರು ತಡೆದರು. ಆ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು. "ಈಗ ನೀರು ಎಷ್ಟೈತಿ?"

ಶಾಲೆಯಲ್ಲಿ ವಿಜ್ಞಾನದ ಸರ್ ಅದನ್ನೇ ಪಾಠ ಮಾಡಿದರು. "ನೀರಿನ ಮಟ್ಟ ಹೇಳುವ ಒಂದು ಸಾಧನ ಮಾಡಿ ತನ್ನಿ" ಎಂದರು. ಎಲ್ಲರೂ ಡ್ಯಾಮಿನ ಮಾದರಿ ಮಾಡಲು ಹೊರಟರು. ನನಗೆ ನಮ್ಮ ಮನೆಯ ಡ್ರಮ್ಮು ನೆನಪಾಯಿತು.

ಮೊದಲು ಮಾಡಿದ್ದು ಸಣ್ಣದು. ಒಂದು ಬ್ಯಾಟರಿ, ಒಂದು ಬಜರ್, ಒಂದು ಟ್ರಾನ್ಸಿಸ್ಟರ್, ಎರಡು ತಾಮ್ರದ ತಂತಿ. ಎಲ್ಲ ಹೊಸಪೇಟೆಯ ಅಂಗಡಿಯಲ್ಲಿ ಸಿಕ್ಕವು. ಎರಡು ತಂತಿಗಳ ತುದಿ ಡ್ರಮ್ಮಿನ ಬಾಯಿಯ ಹತ್ತಿರ ಇರಬೇಕು. ನೀರು ಏರಿ ಎರಡನ್ನೂ ಮುಟ್ಟುತ್ತದೆ. ನಳದ ನೀರಿನಲ್ಲಿ ಉಪ್ಪಿನ ಅಂಶ ಇರುತ್ತದೆ. ಅದರ ಮೂಲಕ ಚೂರು ವಿದ್ಯುತ್ ಹರಿಯುತ್ತದೆ. ಆ ಚೂರು ವಿದ್ಯುತ್ತಿಗೆ ಬಜರ್ ಕೂಗಿಸುವ ಶಕ್ತಿ ಇಲ್ಲ. ಟ್ರಾನ್ಸಿಸ್ಟರ್ ಅದನ್ನು ಹೆಚ್ಚಿಸಿ ಕೊಡುತ್ತದೆ. ಆಗ ಬಜರ್ ಕೂಗುತ್ತದೆ.

ಮೊದಲ ದಿನ ಅದು ಕೂಗಲೇ ಇಲ್ಲ. ಟ್ರಾನ್ಸಿಸ್ಟರಿಗೆ ಮೂರು ಕಾಲು. ನಾನು ಅದನ್ನು ಹಿಂದುಮುಂದಾಗಿ ಹಾಕಿದ್ದೆ. ಸರಿಮಾಡಿದೆ, ಕೂಗಿತು. ನಾನು ಕುಣಿದೆ.

ತಿಂಗಳು ಕಳೆಯಿತು. ಅವ್ವ ಡ್ರಮ್ಮು ತೊಳೆಯುವಾಗ ತಂತಿ ನೋಡಿದಳು. "ಏನವ್ವ ಇದು ಹಸಿರು? ಕುಡಿಯೋ ನೀರಾಗ ಇದನ್ನ ಅದ್ದೀಯಲ್ಲ!" ತಂತಿಯ ತುದಿ ಸವೆದಿತ್ತು. ಸರ್ ಹೇಳಿದರು, "ವಿದ್ಯುತ್ ಹರಿದಾಗ ತಾಮ್ರ ಕರಗಿ ನೀರು ಸೇರುತ್ತದೆ. ನಿಮ್ಮ ತಾಯಿ ಹೇಳಿದ್ದು ಸರಿ." ನಾನು ಪುಸ್ತಕ ಓದಿ ಮಾಡಿದ್ದೆ. ತಪ್ಪು ಹಿಡಿದವಳು ಅವ್ವ.

ಹಾಗಾದರೆ ನೀರನ್ನು ಮುಟ್ಟದೆ ಅಳೆಯಬೇಕು. ಅದು ಹೇಗೆ?

ಹಂಪಿಯ ಹಳೆಯ ಗುಡಿಗಳ ಕತ್ತಲೆಯಲ್ಲಿ ನೀವು ಬಾವಲಿ ಕಂಡಿರಬಹುದು. ಹುಳ ತಿನ್ನುವ ಸಣ್ಣ ಬಾವಲಿ ಹಾರುತ್ತಾ ಕೂಗುತ್ತದೆ. ಆ ಕೂಗು ನಮಗೆ ಕೇಳಿಸುವುದಿಲ್ಲ. ಕೂಗು ಗೋಡೆಗೆ ತಾಗಿ ತಿರುಗಿ ಬರುತ್ತದೆ. ಬೇಗ ಬಂದರೆ ಗೋಡೆ ಹತ್ತಿರ, ತಡವಾದರೆ ದೂರ. ಇದೇ ರೀತಿ ಕೆಲಸ ಮಾಡುವ ಸಾಧನ ಶಾಲೆಯ ಲ್ಯಾಬಿನಲ್ಲಿತ್ತು. ಎರಡು ಕಣ್ಣಿನ ಹಾಗೆ ಕಾಣುತ್ತದೆ. ಒಂದು ಕಣ್ಣು ಕೂಗುತ್ತದೆ, ಇನ್ನೊಂದು ಕೇಳುತ್ತದೆ. (ಕಣ್ಣು ಕೂಗುವುದು, ಕಣ್ಣು ಕೇಳುವುದು! ಅವ್ವ ಇದಕ್ಕೆ ಬಹಳ ನಕ್ಕಳು.) ಗಾಳಿಯಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹೋಗಿ ಬರುವ ಹೊತ್ತಿನಲ್ಲಿ ಅರ್ಧ ತೆಗೆದುಕೊಂಡರೆ ದೂರ ಸಿಗುತ್ತದೆ. ಲೆಕ್ಕ ಮಾಡುವುದು ಆರ್ಡುಯಿನೊ ಎಂಬ ಅಂಗೈ ಅಗಲದ ಬೋರ್ಡು. 2005ರಲ್ಲಿ ಇಟಲಿ ದೇಶದಲ್ಲಿ ವಿದ್ಯಾರ್ಥಿಗಳಿಗಾಗಿಯೇ ಇದನ್ನು ಮಾಡಿದರು.

ಸಾಧನವನ್ನು ಡ್ರಮ್ಮಿನ ಮುಚ್ಚಳಕ್ಕೆ ಕೂರಿಸಿದೆ. ಜೋರು ಬಜರ್ ಹಾಕಿದೆ. ಎಲ್ಲ ಬ್ಯಾಟರಿಯ ಮೇಲೆ. ಮನೆಯ ಕರೆಂಟನ್ನು ನೀರಿನ ಹತ್ತಿರ ತರಲೇಬಾರದು. ಸಣ್ಣ ಪರದೆಯನ್ನೂ ಜೋಡಿಸಿದೆ. ಡ್ರಮ್ಮು ತುಂಬಿದರೆ ಅದರ ಮೇಲೆ ಇಂಗ್ಲಿಷ್ ಅಕ್ಷರ ಮೂಡುತ್ತಿತ್ತು.

ಅವ್ವ ಬಗ್ಗಿ ನೋಡಿದಳು. "ಏನು ಬರದೀ?"

"ಫುಲ್ ಅಂತ. ಇಂಗ್ಲಿಷಿನಾಗ."

"ಯಾರಿಗೆ?"

ನಾನು ಸುಮ್ಮನಾದೆ. ಮನೆಯಲ್ಲಿ ನೀರು ಹಿಡಿಯುವವಳು ಅವಳು.

ಆ ಪರದೆಗೆ ಕನ್ನಡ ಬರುವುದಿಲ್ಲ. ಆದರೆ ನಾವೇ ಬರೆದುಕೊಳ್ಳಲು ಎಂಟು ಮನೆ ಖಾಲಿ ಇರುತ್ತವೆ. ಒಂದೊಂದು ಮನೆಯಲ್ಲಿ ಅಡ್ಡ 5 ಚುಕ್ಕಿ, ಉದ್ದ 8 ಚುಕ್ಕಿ. ಕನ್ನಡದ ದುಂಡು ಅಕ್ಷರ ಒಂದು ಮನೆಯಲ್ಲಿ ಹಿಡಿಯದು. ಒಂದಕ್ಕೆ ಎರಡು ಮನೆ ಬೇಕು. ಅಂದರೆ ನಾಲ್ಕೇ ಅಕ್ಷರ. 'ನೀರು ತುಂಬಿತು' ಎಂದು ಬರೆಯೋಣ ಎಂದರೆ ಐದು ಅಕ್ಷರ.

"ನೀರು ಸಾಕು ಅಂತ ಬರಿ" ಎಂದಳು ಅವ್ವ. ಎಣಿಸಿದೆ. ನೀ, ರು, ಸಾ, ಕು. ನಾಲ್ಕೇ!

ಚೌಕದ ಹಾಳೆಯ ಮೇಲೆ ಚುಕ್ಕಿ ಇಟ್ಟು ಬರೆಯಲು ಕುಳಿತೆವು. ನನಗೆ ಬರಲಿಲ್ಲ. ಅವ್ವನಿಗೆ ಬಂತು. ಹುಟ್ಟಿದಾಗಿನಿಂದ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕಿದ ಕೈ ಅದು. ನಾನು ಹಾಳೆ ನೋಡಿ ಅದನ್ನು ಬೋರ್ಡಿಗೆ ತುಂಬಿದೆ. ಪರದೆ ಹೊತ್ತಿತು. ಅವ್ವ ಬೆರಳಿಟ್ಟು ಓದಿದಳು. "ನಿರು ಸಾಕು. ದೀರ್ಘ ಎಲ್ಲಿ ಬಿಟ್ಟಿ?" ನೋಡಿದರೆ ಹೌದು, ದೀರ್ಘದ ಚುಕ್ಕಿಗಳನ್ನು ನಾನೇ ಬಿಟ್ಟಿದ್ದೆ.

ಮೊದಲ ಸಂಜೆ ಬಜರ್ ಸುಳ್ಳು ಕೂಗಿತು. ಅವ್ವ ಪಾಠ ಬಿಟ್ಟು ಓಡಿ ಬಂದಳು. ಡ್ರಮ್ಮು ಅರ್ಧವೂ ತುಂಬಿರಲಿಲ್ಲ. ಪೈಪಿನ ಧಾರೆ ಸಾಧನದ ಕೆಳಗೇ ಬೀಳುತ್ತಿತ್ತು. ಅದಕ್ಕೆ ಧಾರೆಯೇ ನೀರಿನ ಮಟ್ಟವೆಂದು ಅನಿಸಿತ್ತು. ಪೈಪನ್ನು ಅಂಚಿಗೆ ಸರಿಸಿದೆ. ಮೂರು ಸಲ ಅಳೆದು ಮೂರೂ ಸಲ ಒಂದೇ ಬಂದರೆ ಮಾತ್ರ ಕೂಗು ಎಂದು ಬೋರ್ಡಿಗೆ ಹೇಳಿದೆ. ಆಮೇಲೆ ಸರಿಹೋಯಿತು. ಬಜರ್ ಕೂಗಿದಾಗ ಅವ್ವ ಎದ್ದು ಬರುತ್ತಾಳೆ. ನಳ ತಿರುಗಿಸಿ ಮತ್ತೆ ಹೋಗಿ ಕೂರುತ್ತಾಳೆ.

ಶಾಲೆಯ ಪ್ರದರ್ಶನದಲ್ಲಿ ನನಗೆ ಬಹುಮಾನ ಬರಲಿಲ್ಲ. ದೀಪ ಹತ್ತುವ ಡ್ಯಾಮಿಗೆ ಬಂತು. ಅದೂ ಚೆನ್ನಾಗಿತ್ತು.

ಒಂದು ದಿನ ಅವ್ವ ಕೇಳಿದಳು, "ಡ್ರಮ್ಮು ಖಾಲಿ ಆದಾಗಲೂ ಇದು ಹೇಳಬೇಕಲ್ಲ?"

"ಎಂಟು ಮನೆ ಮುಗಿದಾವವ್ವ."

ಅವಳು ಪಾಟಿಯ ಮೇಲೆ 'ನೀರು ಸಾಕು' ಎಂದು ಬರೆದಳು. ಸ್ವಲ್ಪ ಹೊತ್ತು ನೋಡಿದಳು. 'ಸಾ' ಒರೆಸಿದಳು. ಅಲ್ಲಿ 'ಬೇ' ಬರೆದಳು.

ಓದಿ, ಬರೆಯಿರಿ:
ಸಾಕು – ಬೇಕು – ಹಾಕು – ನೂಕು
ಅವ್ವ ಪಾಟಿಯ ಮೇಲೆ ಕೊನೆಗೆ ಬರೆದದ್ದು ಏನು?
ನಿಮ್ಮ ಹೆಸರಿನ ಮೊದಲ ಅಕ್ಷರವನ್ನು ಚುಕ್ಕಿ ಇಟ್ಟು ಬರೆಯಿರಿ. ಅದಕ್ಕೆ ಎಷ್ಟು ಚುಕ್ಕಿ ಬೇಕಾದವು?