ಇಂಗ್ಲಿಷ್ ಬಾರದ ಮನೆಯಲ್ಲಿ ಇಂಗ್ಲಿಷ್ ಅಭ್ಯಾಸ

"ನಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದು, ಹುಡುಗಿಗೆ ಹೇಳಿಕೊಡುವವರಾರು?" ಎಂದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯ ತಾಯಿತಂದೆಗಳು ನಮ್ಮನ್ನು ಪದೇ ಪದೇ ಕೇಳುತ್ತಾರೆ. ಈ ಪ್ರಶ್ನೆಯ ಹಿಂದಿರುವ ಚಿಂತೆಯು ಸಣ್ಣದಲ್ಲ. 2007ರಿಂದ ಸರಕಾರಿ ಶಾಲೆಗಳಲ್ಲಿಯೂ ಮೊದಲನೆಯ ಇಯತ್ತೆಯಿಂದಲೇ ಇಂಗ್ಲಿಷನ್ನು ಕಲಿಸುತ್ತ ಬಂದಿದ್ದಾರೆ. ಹೀಗಿದ್ದರೂ ಹತ್ತು ವರುಷ ಓದಿದ ಹುಡುಗಿಯು ಕಾಲೇಜಿಗಾಗಲಿ ದಾದಿಯರ ಶಿಕ್ಷಣಕ್ಕಾಗಲಿ ಹೋದಾಗ, ವಿಷಯವನ್ನು ಬಲ್ಲವಳಾಗಿಯೂ, ನಾಲ್ವರು ನಕ್ಕಾರೆಂಬ ಅಂಜಿಕೆಯಿಂದ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತುಬಿಡುವಳು. ಆ ಅಂಜಿಕೆಯಿಂದ ಓದನ್ನೇ ಬಿಟ್ಟು ಮನೆಗೆ ಮರಳುವದೂ ಉಂಟು. ಕಲಿಸುವ ಕೆಲಸವು ಶಾಲೆಯದು. ದಿನದ ಅಭ್ಯಾಸವು ತಪ್ಪದಂತೆ ಕಾಯುವ ಕೆಲಸವು ಮನೆಯದು. ಈ ಎರಡನೆಯ ಕೆಲಸಕ್ಕೆ ಅಕ್ಷರ ಬಾರದ ತಾಯಿಯೂ ಸಾಕೆಂಬದನ್ನು ಇಲ್ಲಿ ತಿಳಿಸಲು ಬಯಸುತ್ತೇವೆ.

ಪರಭಾಷೆಯನ್ನು ಪರಿಶ್ರಮದಿಂದ ಕಲಿತವರ ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೂ ಬಂದರು. ಅವರಲ್ಲಿ ಬಹುಮಂದಿಯ ತಾಯಿನುಡಿಯು ಜರ್ಮನ್ ಆಗಿತ್ತು. ಫರ್ಡಿನಂಡ್ ಕಿಟ್ಟೆಲ್ಲರು 1853ರಲ್ಲಿ ಈ ದೇಶಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ. ಕನ್ನಡವೂ ಇಂಗ್ಲಿಷೂ ಅವರಿಗೆ ಪರಭಾಷೆಗಳೇ ಎಂಬದನ್ನು ನಮ್ಮ ಹುಡುಗಿಯರು ನೆನಪಿನಲ್ಲಿಡಬೇಕು. 1700ಕ್ಕೂ ಮಿಕ್ಕಿದ ಪುಟಗಳ ಆ ಗ್ರಂಥವು ಅವಸರದಿಂದ ಹುಟ್ಟುವಂಥದಲ್ಲ. "ಮೂವತ್ತು ದಿನಗಳಲ್ಲಿ ಇಂಗ್ಲಿಷ್" ಎಂದು ಸಾರುವ ಪುಸ್ತಕಗಳನ್ನು ಕೊಳ್ಳುವ ಪಾಲಕರು ಇದನ್ನು ತುಸು ಆಲೋಚಿಸಬೇಕು.

ಇನ್ನು ಅಭ್ಯಾಸದ ಕ್ರಮವನ್ನು ನೋಡೋಣ. ದಿನಾಲು ಕಾಲು ತಾಸು ಸಾಕು. ಆದರೆ ಅದು ನಿಶ್ಚಿತವಾದ ಹೊತ್ತಾಗಿರತಕ್ಕದ್ದು. ಗಡಿಯಾರವನ್ನು ನೋಡಿ ಗೊತ್ತುಮಾಡಿದ ಹೊತ್ತಿಗಿಂತ, ಮನೆಯಲ್ಲಿ ತಪ್ಪದೆ ನಡೆಯುವ ಕೆಲಸಕ್ಕೆ ಹೊಂದಿಸಿದ ಹೊತ್ತು ಚೆನ್ನಾಗಿ ನಿಲ್ಲುವದು. ಸಂಜೆಯ ಪ್ರಾರ್ಥನೆ ಮುಗಿದೊಡನೆ, ಅಥವಾ ತಾಯಿಯು ರೊಟ್ಟಿ ಬಡಿಯಲು ಕುಳಿತೊಡನೆ, ಹುಡುಗಿಯು ಪುಸ್ತಕವನ್ನು ತೆಗೆಯಲಿ. ಅರ್ಧ ಪುಟವನ್ನು ಗಟ್ಟಿಯಾಗಿ ಓದಲಿ. ಬಳಿಕ ಪುಸ್ತಕವನ್ನು ಮುಚ್ಚಿ, ಓದಿದ್ದನ್ನು ತಾಯಿಗೆ ಕನ್ನಡದಲ್ಲಿ ಹೇಳಲಿ. ತಾಯಿಯು "ಆಮೇಲೆ ಏನಾತವ್ವಾ? ಅಂವ ಯಾಕ ಸಿಟ್ಟಾದ?" ಎಂದು ಕೇಳುವಳಷ್ಟೇ. ಅರ್ಥವಾಗದೆ ಓದಿದ ಸಾಲು ಯಾವದೆಂಬದು ಆ ಪ್ರಶ್ನೆಯಿಂದಲೇ ಹೊರಬೀಳುವದು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೆ ಸೆರಗಿನ ರೇಶಿಮೆಯ ಹಾಸನ್ನು ಕೊಂಡಿಹಾಕಿ ಜೋಡಿಸುವದನ್ನು ಕಂಡವರಿಗೆ, ಹೊಸ ಭಾಷೆಯನ್ನು ತಾಯಿನುಡಿಗೆ ಹೀಗೆ ಜೋಡಿಸುವ ಕ್ರಮವು ಹೊಸದೆನಿಸದು.

ಮರುದಿನ ಅದೇ ಕಥೆಯನ್ನು ಐದಾರು ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ತಾಯಿಗೆ ಹೇಳಲಿ. ತಾಯಿಗೆ ತಿಳಿಯದೆಂದು ಬಿಡಬಾರದು. ತಿಳಿಯದಿರುವದೇ ಇಲ್ಲಿ ಉಪಕಾರವಾಗುವದು. ಯಾಕೆಂದರೆ ತಪ್ಪಿಗೆ ನಗದೆ ಕಡೆಯವರೆಗೆ ಕೇಳುವಂಥವರು ಲೋಕದಲ್ಲಿ ವಿರಳ. ನಾಲಿಗೆಯ ಅಂಜಿಕೆಯು ಬಿಡುವದು ಅಂಥವರ ಮುಂದೆಯೇ. ತಪ್ಪುಗಳನ್ನು ತಿದ್ದುವದಕ್ಕಾಗಿ, ಹೇಳಿದ ವಾಕ್ಯಗಳಲ್ಲಿ ಮೂರನ್ನು ವಹಿಯಲ್ಲಿ ಬರೆದು ಶಿಕ್ಷಕಿಯರಿಗೆ ತೋರಿಸತಕ್ಕದ್ದು.

ಆ ವಹಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳಿಗೆ ಹುಡುಗಿಯರ ಅಲಕ್ಷ್ಯವೊಂದೇ ಕಾರಣವಲ್ಲ. ಕನ್ನಡದಲ್ಲಿ "ಬಂದಳು" ಎಂದರೆ ಹೆಣ್ಣೆಂಬದು ಕ್ರಿಯಾಪದದಿಂದಲೇ ತಿಳಿಯುವದು. ಇಂಗ್ಲಿಷಿನಲ್ಲಿ "ಕೇಮ್" ಎಂಬದು ಎಲ್ಲರಿಗೂ ಒಂದೇ. ಆದಕಾರಣ ಮುಂದಿನ "ಹಿ", "ಶಿ"ಗಳಲ್ಲಿ ತಪ್ಪಾಗುವದು. "ಇಳಕಲ್ಲಿಗೆ" ಎಂಬಲ್ಲಿ "ಗೆ" ಹೆಸರಿನ ಹಿಂದೆ ಬಂದರೆ, ಇಂಗ್ಲಿಷಿನ "ಟು" ಹೆಸರಿಗಿಂತ ಮುಂಚೆ ಬರುವದು. ಒಂಟಿ ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡುವದರಿಂದಲೂ ಫಲವು ಸ್ವಲ್ಪವೇ. "ಟೇಕ್" ಎಂದರೆ ತೆಗೆದುಕೊಳ್ಳುವದೆಂದು ಕಲಿತವಳು "ಟೇಕ್ ಎ ಬಾತ್" ಎಂದರೆ ಸ್ನಾನ ಮಾಡುವದೆಂದು ಹೇಗೆ ಊಹಿಸಿಯಾಳು? ಆದ್ದರಿಂದ ಇಡೀ ವಾಕ್ಯವನ್ನೇ ಬರೆದಿಟ್ಟುಕೊಳ್ಳಬೇಕು.

ಬರೆದದ್ದನ್ನು ತಿರುವಿಹಾಕುವದಕ್ಕೂ ಒಂದು ಕ್ರಮವುಂಟು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ನೆನಪನ್ನೇ ಪರೀಕ್ಷಿಸಿ 1885ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕಲಿತದ್ದು ಮೊದಲಿನ ಕೆಲವು ತಾಸುಗಳಲ್ಲಿಯೇ ಬಹಳಷ್ಟು ಮರೆತುಹೋಗುವದೆಂದೂ, ಒಂದೇ ದಿನ ಅನೇಕಾವರ್ತಿ ಓದುವದಕ್ಕಿಂತ ದಿನಗಳ ಅಂತರ ಬಿಟ್ಟು ಓದಿದರೆ ಚೆನ್ನಾಗಿ ನಿಲ್ಲುವದೆಂದೂ ಅವರು ಕಂಡುಕೊಂಡರು. ನಿನ್ನೆಯ ವಾಕ್ಯವನ್ನು ಇಂದು, ಮತ್ತೆ ಮೂರು ದಿನಕ್ಕೆ, ಮತ್ತೆ ವಾರಕ್ಕೆ ನೋಡಿದರೆ ಸಾಕು. ಹಳ್ಳಿಯಿಂದ ಹುನಗುಂದಕ್ಕೆ ದಿನಾಲು ಬಸ್ಸಿನಲ್ಲಿ ಬರುವವಳಿಗೆ ಈ ಕೆಲಸಕ್ಕೆ ದಾರಿಯ ಹೊತ್ತೇ ಆಗುವದು. ಬಾದಾಮಿ, ಬಾಗಲಕೋಟೆಯ ರೇಲ್ವೆ ನಿಲ್ದಾಣಗಳಲ್ಲಿ ಹೆಸರುಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿರುವದರಿಂದ, ಕಿರಿಯ ತಂಗಿಯರಿಗೆ ಅವೇ ಪಾಠದ ಹಲಗೆಗಳು.

ಉಚ್ಚಾರವನ್ನು ಕೇಳುವದಕ್ಕೆ ಮೊಬೈಲ್ ಫೋನು ಉಪಯುಕ್ತವೇ. ಆದರೆ ಕಾಲು ತಾಸಿಗೆಂದು ಕೈಗೆತ್ತಿಕೊಂಡದ್ದು ಎರಡು ತಾಸು ಕೈಬಿಡದೆಂಬದನ್ನು ಪಾಲಕರು ನಮಗಿಂತ ಚೆನ್ನಾಗಿ ಬಲ್ಲರು.

ಸುಗ್ಗಿಯಲ್ಲಿಯೂ ಬನಶಂಕರಿಯ ಜಾತ್ರೆಯಲ್ಲಿಯೂ ಅಭ್ಯಾಸವು ನಾಲ್ಕೆಂಟು ದಿನ ತಪ್ಪುವದು ಸಹಜ. ಆ ಬಾಕಿಯನ್ನು ತೀರಿಸಲೆಂದು ಹುಡುಗಿಯನ್ನು ಒಂದೇ ರಾತ್ರಿ ಎರಡು ತಾಸು ಕೂಡ್ರಿಸಬಾರದು. ಮರಳಿ ಬಂದ ಸಂಜೆ ಎಂದಿನಂತೆ ಕಾಲು ತಾಸು ಕೂತು, ಜಾತ್ರೆಯಲ್ಲಿ ಕಂಡ ನಾಟಕದ ಕಥೆಯನ್ನು ಅವಳು ಇಂಗ್ಲಿಷಿನಲ್ಲಿ ಹೇಳಲಿ. ತಾಯಿಯೂ ಆ ನಾಟಕವನ್ನು ನೋಡಿರುವದರಿಂದ, ಪಾತ್ರಗಳ ಹೆಸರುಗಳನ್ನು ಹಿಡಿದು, ಕಥೆಯು ಎಲ್ಲಿಗೆ ಬಂತೆಂಬದನ್ನು ತಾನೇ ಹೇಳುವಳು.